ಹಲಗೆಯಂಚಿನ ಮೂರು ತೂತು

ಅಮೆರಿಕದಲ್ಲಿ ಹಳೆಯ ಮನೆ ಖಾಲಿ ಮಾಡುವವರು ಅಂಗಳದಲ್ಲಿ ಮಾರಾಟಕ್ಕಿಡುವ ಸಾಮಾನುಗಳಲ್ಲಿ ಕೆಲಸದ ಮೇಜು ಇದ್ದೇ ಇರುತ್ತದೆ. ಮೇಲಿನಿಂದ ನೋಡಿದರೆ ಅದರ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಬಣ್ಣದ ಕಲೆ, ಗರಗಸ ತಾಗಿದ ಗೀರು, ಅಲ್ಲಲ್ಲಿ ಎಣ್ಣೆಯ ಜಿಡ್ಡು ಎಲ್ಲ ಮೇಜುಗಳಿಗೂ ಇರುವಂಥವೇ. ಬೋರಲು ಹಾಕಿ ನೋಡಬೇಕು. ಮುಂದಿನ ಅಂಚಿಗೆ ತಾಗಿಕೊಂಡಂತೆ, ಅಂಗೈಯಷ್ಟು ಜಾಗದಲ್ಲಿ ಮೂರು ತೂತುಗಳಿದ್ದು, ಅವುಗಳ ಸುತ್ತ ವಾಷರು ಒತ್ತಿ ಒತ್ತಿ ಮರ ಪುಟ್ಟ ಬಟ್ಟಲಿನಂತೆ ತಗ್ಗಾಗಿದ್ದರೆ ಬಲ್ಲವರು ಕೂಡಲೇ ಹೇಳುತ್ತಾರೆ: ಇಲ್ಲಿ ತೋಟಾ ತುಂಬುವ ಪ್ರೆಸ್ಸು ಕೂತಿತ್ತು. ಆ ತೂತುಗಳ ಮೇಲೊಂದು ಕಬ್ಬಿಣದ ಪಟ್ಟಿಯೋ, ಮೂರು ಪದರ ಪ್ಲೈವುಡ್ಡೋ, ಕೆಳಗೆ ಅಡ್ಡಲಾಗಿ ಜಡಿದ ತೊಲೆಯೋ ಇದ್ದರೆ ಇನ್ನೂ ಒಂದು ಮಾತು ತಿಳಿಯುತ್ತದೆ. ಈ ಮೇಜಿನ ಯಜಮಾನ ಮೊದಲ ಸಲ ಪ್ರೆಸ್ಸಿನ ಹಿಡಿ ಎಳೆದಾಗ ಮೇಜಿನ ಅಂಚೇ ಬಾಯಿ ಬಿಟ್ಟಿತ್ತು.

ಮೇಜೊಂದನ್ನು ಬಿಗಿ ಮಾಡುವ ಈ ಸಣ್ಣ ರಗಳೆಗೆ ಉದ್ದನೆಯ ಚರಿತ್ರೆಯಿದೆ. ಎರಡು ಸಾವಿರ ವರ್ಷ ಬಡಗಿಯ ಬೆಂಚು ಒಂದು ಬಗೆಯ ಬಲಕ್ಕೆ ಮೈ ಒಗ್ಗಿಸಿಕೊಂಡು ಬಂದಿತ್ತು. ಇಪ್ಪತ್ತನೆಯ ಶತಮಾನದ ನಡುವೆ ಬಂದ ಪ್ರೆಸ್ಸು ಅದರಿಂದ ಬೇರೆಯದನ್ನೇ ಕೇಳಿತು. ಕೇಳಿದ್ದೂ ಎಂಥ ಹೊತ್ತಿನಲ್ಲಿ? ಬೆಂಚು ತನ್ನ ಇತಿಹಾಸದಲ್ಲೇ ಅತಿ ತೆಳ್ಳಗಾಗಿ, ಗ್ಯಾರೇಜಿನ ಗೋಡೆಗೊರಗಿ ನಿಂತಿದ್ದ ಹೊತ್ತಿನಲ್ಲಿ.

ಮೊದಲು ತೋಟಾದ ಮಾತು. ತೇಜಸ್ವಿಯವರನ್ನು ಓದಿದವರಿಗೆ, ಮಲೆನಾಡಿನಲ್ಲೋ ಕೊಡಗಿನಲ್ಲೋ ಬೆಳೆದವರಿಗೆ ಕೋವಿಯ ಮಾತುಗಳು ಹೊಸವಲ್ಲ. ಕೇಪಿನ ಕೋವಿಯೆಂದರೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಹಿಂದೆ ಕೇಪು ಸಿಕ್ಕಿಸಿ ಈಡು ಮಾಡುವಂಥದು. ತೋಟಾ ಕೋವಿಯಲ್ಲಿ ಇಷ್ಟೆಲ್ಲ ಇಲ್ಲ. ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯೊಳಗೆ ಸಿದ್ಧವಾಗಿ ಬರುತ್ತವೆ. ಕೇಪಿನ ಕೋವಿಯ ಕಾಲದಲ್ಲಿ ತುಂಬುವುದಕ್ಕೆ ಮೇಜು ಯಾರಿಗೂ ಬೇಕಿರಲಿಲ್ಲ. ಕೋವಿಯ ಹಿಡಿಯನ್ನು ನೆಲಕ್ಕೂರಿ ನಿಂತುಕೊಂಡೇ ತುಂಬುತ್ತಿದ್ದರು. ನೆಲವೇ ಅವರ ಮೇಜು.

ಲೋಹದ ತೋಟಾ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1857ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸ್ಸನ್ ಮಾರುಕಟ್ಟೆಗೆ ತಂದ ಪುಟ್ಟ ತೋಟಾದಲ್ಲಿ ಸಿಡಿಯುವ ರಾಸಾಯನಿಕವನ್ನು ಕೊಳವೆಯ ಅಂಚಿನ ಮಡಿಕೆಯೊಳಗೇ ತುಂಬಿರುತ್ತಿದ್ದರು. ಒಮ್ಮೆ ಹಾರಿಸಿದರೆ ಅಂಚು ಜಜ್ಜಿಹೋಗುತ್ತದೆ, ಮತ್ತೆ ತುಂಬುವ ಮಾತೇ ಇಲ್ಲ. 1866ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಕೇಪನ್ನು ಕೊಳವೆಯ ತಳದ ನಡುವೆ ಪ್ರತ್ಯೇಕವಾಗಿ ಕೂರಿಸುವ ಉಪಾಯ ಕಂಡುಕೊಂಡರು. ಒಬ್ಬ ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆ ಕಟ್ಟಿದ್ದ ಹೈರಮ್ ಬರ್ಡನ್. ಇನ್ನೊಬ್ಬ ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರದ ಅಧಿಕಾರಿ ಎಡ್ವರ್ಡ್ ಬಾಕ್ಸರ್. ಬರ್ಡನ್ನನ ತೋಟಾದಲ್ಲಿ ಕೇಪಿನ ಕೆಳಗೆ ಎರಡು ಸಣ್ಣ ಕಿಂಡಿ, ಬಾಕ್ಸರನದರಲ್ಲಿ ನಟ್ಟನಡುವೆ ಒಂದೇ ಕಿಂಡಿ. ವಿಚಿತ್ರವೆಂದರೆ ಅಮೆರಿಕನ್ನನ ಉಪಾಯವನ್ನು ಯುರೋಪು ಹಿಡಿದುಕೊಂಡಿತು, ಇಂಗ್ಲಿಷನ ಉಪಾಯ ಅಮೆರಿಕದ ಪಾಲಾಯಿತು. ನಡುವೆ ಒಂದೇ ಕಿಂಡಿಯಿದ್ದರೆ ಮೇಲಿನಿಂದ ಸೂಜಿಯಂಥ ಕಡ್ಡಿ ಇಳಿಸಿ ಹಳೆಯ ಕೇಪನ್ನು ಕೆಳಕ್ಕೆ ಉದುರಿಸಿಬಿಡಬಹುದು. ಮನೆಯಲ್ಲಿ ಕೂತು ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಇಷ್ಟು ಹಬ್ಬಲು ಈ ಒಂದು ಕಿಂಡಿಯ ಪಾತ್ರ ಸಣ್ಣದಲ್ಲ.

ಹಿತ್ತಾಳೆಯ ಕೊಳವೆಯೇ ತೋಟಾದಲ್ಲಿ ದುಬಾರಿಯ ಭಾಗ. ಹಾರಿಸಿದ ಮೇಲೆ ಅದು ಹಾಗೇ ಉಳಿಯುತ್ತದೆ, ಕೊಂಚ ಉಬ್ಬಿಕೊಂಡು. ಅದನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳ ಹಿಂಡುಗಳನ್ನು ಹೊಡೆದುರುಳಿಸಿ ಚರ್ಮ ಮಾರುತ್ತಿದ್ದ ಬೇಟೆಗಾರರು ಸೀಸದ ಗಟ್ಟಿ, ಮದ್ದಿನ ಪೀಪಾಯಿ, ಗುಂಡಿನ ಅಚ್ಚು ಎಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ರಾತ್ರಿ ಬೆಂಕಿಯ ಪಕ್ಕ ಸೀಸ ಕರಗಿಸಿ, ಹಗಲು ಖಾಲಿಯಾದ ಕೊಳವೆಗಳನ್ನು ಮರುದಿನಕ್ಕೆ ತುಂಬಿಕೊಳ್ಳುವುದು ಅವರ ಸಂಜೆಯ ಕೆಲಸ. ಆ ಬೇಟೆ ಒಂದು ಪ್ರಾಣಿಕುಲವನ್ನೇ ಅಳಿವಿನಂಚಿಗೆ ತಂದು ನಿಲ್ಲಿಸಿತೆಂಬುದು ಬೇರೆಯೇ ದೊಡ್ಡ ಕಥೆ.

ಈ ಕೆಲಸಕ್ಕೆ ಒಪ್ಪವಾದ ಸಲಕರಣೆ ಕೊಟ್ಟವನು ಜಾನ್ ಬಾರ್ಲೋ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ 1884ರಲ್ಲಿ ಐಡಿಯಲ್ ಎಂಬ ಕಂಪನಿ ಕಟ್ಟಿದ. ಅವನ ಉಪಕರಣ ನೋಡಲು ಅಡಕತ್ತರಿಯ ದೊಡ್ಡಣ್ಣ. ಎರಡು ಹಿಡಿ, ಒಂದು ಕೀಲು, ಕೀಲಿನ ಹತ್ತಿರ ತೋಟಾ ಕೂರಿಸುವ ಜಾಗ. ಎರಡೂ ಹಿಡಿಯನ್ನು ಅಂಗೈಯಲ್ಲಿ ಅದುಮಿದರೆ ಹಳೆಯ ಕೇಪು ಉದುರುತ್ತದೆ, ಹೊಸದು ಕೂರುತ್ತದೆ, ಗುಂಡು ಇಳಿಯುತ್ತದೆ. ಬಾರ್ಲೋ ಉಪಕರಣದ ಜತೆಗೆ ಕೈಪಿಡಿಯನ್ನೂ ಅಚ್ಚು ಮಾಡಿ ಮಾರಿದ. ಕಂಪನಿ ಕೈಬದಲಾಗಿ 1925ರಲ್ಲಿ ಲೈಮನ್ ಎಂಬ ಸಂಸ್ಥೆಯ ಪಾಲಾಯಿತು. ಲೈಮನ್ ಕೈಪಿಡಿಯ 50ನೆಯ ಆವೃತ್ತಿ 2016ರಲ್ಲಿ ಹೊರಬಂತು. ಅಡಕತ್ತರಿಯಂಥ ಆ ಉಪಕರಣವೂ ಬಹುಕಾಲ ಬಾಳಿತು. ಅದರಲ್ಲಿ ಗಮನಿಸಬೇಕಾದ್ದು ಒಂದೇ: ಒಂದು ಹಿಡಿ ಮೇಲಿನಿಂದ ಒತ್ತಿದರೆ ಇನ್ನೊಂದು ಕೆಳಗಿನಿಂದ ಎದುರೊತ್ತುತ್ತದೆ. ಬಲವೆಲ್ಲ ಎರಡು ಅಂಗೈಗಳ ನಡುವೆಯೇ ಹುಟ್ಟಿ ಅಲ್ಲೇ ತೀರುತ್ತದೆ. ಅಡಿಕೆ ಕತ್ತರಿಸಲು ಯಾರೂ ಅಡಕತ್ತರಿಯನ್ನು ಮೇಜಿಗೆ ಬೋಲ್ಟು ಹಾಕುವುದಿಲ್ಲವಲ್ಲ.

ತೋಟಾ ತುಂಬುವವರು ಹೀಗೆ ಮೇಜಿನ ಹಂಗಿಲ್ಲದೆ ಇದ್ದಾಗ, ಬಡಗಿಯ ಬೆಂಚು ತನ್ನ ದಾರಿಯಲ್ಲಿ ಬಹುದೂರ ಬಂದಿತ್ತು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಡಿ ಹೂತುಹೋದ ಹರ್ಕ್ಯುಲೇನಿಯಂ ಊರಿನ ಗೋಡೆಚಿತ್ರವೊಂದರಲ್ಲಿ ರೆಕ್ಕೆಯಿರುವ ಇಬ್ಬರು ಪುಟ್ಟ ಹುಡುಗರು ತಗ್ಗಾದ ಬೆಂಚಿನ ಮೇಲೆ ಹಲಗೆಯಿಟ್ಟು ಗರಗಸ ಎಳೆಯುತ್ತಿದ್ದಾರೆ. ಬರೀ ಚಿತ್ರವಲ್ಲ, ಆ ಕಾಲದ ನಿಜವಾದ ಬೆಂಚೂ ಸಿಕ್ಕಿದೆ. ಜರ್ಮನಿಯ ಜಾಲ್‌ಬುರ್ಗ್ ಎಂಬಲ್ಲಿ ರೋಮನ್ ಕೋಟೆಯ ಬಾವಿಯೊಳಗೆ ಕೆಸರಿನಲ್ಲಿ ಹುದುಗಿ ಉಳಿದಿದ್ದ ಬೆಂಚುಗಳನ್ನು ಕ್ರಿ.ಶ. 187ರ ಸುಮಾರಿನವೆಂದು ಎಣಿಸುತ್ತಾರೆ. ದಪ್ಪ ದಿಮ್ಮಿಯ ಸೀಳು, ಕೆಳಗಿನಿಂದ ಓರೆಯಾಗಿ ಸಿಕ್ಕಿಸಿದ ಕಾಲುಗಳು. ಮೊಣಕಾಲೆತ್ತರದ ಇಂಥ ಬೆಂಚಿನ ಮೇಲೆ ಬಡಗಿ ಕುದುರೆ ಹತ್ತಿದಂತೆ ಕೂರುತ್ತಿದ್ದ. ಕೆಲಸದ ಮರವನ್ನೂ ಬೆಂಚನ್ನೂ ಅವನ ಮೈಭಾರವೇ ಹಿಡಿದಿಡುತ್ತಿತ್ತು. ನಮ್ಮ ಬಡಗಿಗಳು ಬೆಂಚೂ ಬೇಡವೆಂದು ನೆಲದ ಮೇಲೇ ಕೂತು, ಮರದ ತುಂಡನ್ನು ಕಾಲಲ್ಲಿ ಅದುಮಿಕೊಂಡು ಬಾಚಿಯಿಂದ ಕೆತ್ತುತ್ತಿದ್ದರು. ತತ್ವ ಒಂದೇ. ಬಲ ಯಾವ ಕಡೆಗೋ ಮೈ ಆ ಕಡೆಗೆ.

ನಿಂತು ಕೆಲಸ ಮಾಡುವ ಎತ್ತರದ ಬೆಂಚಿಗೆ ಬಂದಾಗ ಮೈಭಾರದ ಸಹಾಯ ತಪ್ಪಿತು. ಕೀಸುಳಿಯನ್ನು ಎರಡೂ ಕೈಯಿಂದ ಮುಂದಕ್ಕೆ ನೂಕಿದರೆ ಬೆಂಚೂ ಮುಂದಕ್ಕೆ ಜಾರುತ್ತದೆ. ಮರ ಹಿಡಿಯಲು ಬೇರೆ ದಾರಿ ಬೇಕು. ನ್ಯೂರೆಂಬರ್ಗಿನ ಮಾರ್ಟಿನ್ ಲೋಫೆಲ್‌ಹೋಲ್ಟ್ಸ್ 1505ರಲ್ಲಿ ಸಿದ್ಧಪಡಿಸಿದ ಚಿತ್ರಗಳ ಹಸ್ತಪ್ರತಿಯಲ್ಲಿ ತಿರುಪು ಹಾಕಿ ಮರ ಬಿಗಿಯುವ ಬೆಂಚೊಂದು ಕಾಣಿಸುತ್ತದೆ. ಆ ಹಸ್ತಪ್ರತಿ ಈಗ ಪೋಲೆಂಡಿನ ಕ್ರಾಕೋವ್‌ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಆದರೆ ಬೆಂಚಿನ ಚರಿತ್ರೆಯಲ್ಲಿ ಎಲ್ಲರೂ ಕಡೆಗೆ ಹೋಗಿ ನಿಲ್ಲುವುದು ಪ್ಯಾರಿಸ್ಸಿನ ಆಂದ್ರೆ ಜಾಕೋಬ್ ರೂಬೋನ ಅಂಗಳದಲ್ಲಿ. ಬಡಗಿಯ ಮಗ, ತಾನೂ ಬಡಗಿ. ಹಗಲು ಉಳಿ ಹಿಡಿದ ಕೈಯಲ್ಲೇ ಬರೆದು, ಚಿತ್ರ ಬಿಡಿಸಿ, 1769ರಿಂದ ಮುಂದೆ ಮರಗೆಲಸದ ಮೇಲೆ ಸಂಪುಟಗಳನ್ನೇ ಹೊರತಂದ. ಫ್ರೆಂಚ್ ವಿಜ್ಞಾನ ಅಕಾಡೆಮಿ ಕಸುಬುಗಳ ಬಗ್ಗೆ ಪ್ರಕಟಿಸುತ್ತಿದ್ದ ಮಾಲೆಯಲ್ಲಿ ಹೆಚ್ಚಿನವನ್ನು ಪಂಡಿತರು ಕಸುಬುದಾರರನ್ನು ಕೇಳಿ ಬರೆದರೆ, ಇಲ್ಲಿ ಕಸುಬುದಾರನೇ ಪಂಡಿತನಾಗಿದ್ದ. ಅವನ ಬೆಂಚಿನ ಮೇಲ್ಹಲಗೆ ಒಂದೇ ಮರದ್ದು, ಬೀಚ್ ಅಥವಾ ಎಲ್ಮ್. ದಪ್ಪ ಐದರಿಂದ ಆರು ಫ್ರೆಂಚ್ ಇಂಚು, ಅಂದರೆ 13ರಿಂದ 16 ಸೆಂಟಿಮೀಟರ್. ನಮ್ಮ ಹಳೆಯ ಮನೆಗಳ ಹೊಸ್ತಿಲನ್ನು ಕಣ್ಣಮುಂದೆ ತಂದುಕೊಂಡರೆ ಅಂದಾಜು ಸಿಕ್ಕೀತು. ಕಾಲುಗಳ ತುದಿಯನ್ನು ನಾಲಿಗೆಯಂತೆ ಕೆತ್ತಿ, ಮೇಲ್ಹಲಗೆಯನ್ನು ತೂರಿ ಮೇಲಕ್ಕೆ ಬರುವಂತೆ ಜೋಡಿಸುತ್ತಿದ್ದರು. ಕಾಲಿನ ಮುಂಬದಿಯೂ ಹಲಗೆಯ ಮುಂಬದಿಯೂ ಒಂದೇ ಗೆರೆಗೆ. ಹಲಗೆ ಹೊರಗೆ ಚಾಚಿಕೊಂಡಿಲ್ಲ, ತುಟಿಯೆಂಬುದೇ ಇಲ್ಲ. ಈ ಕೊನೆಯ ಮಾತು ನೆನಪಿನಲ್ಲಿರಲಿ.

ಇಷ್ಟು ದಪ್ಪ ಯಾಕೆ? ಒಂದು, ಉಳಿಗೆ ಕೊಡತಿಯಿಂದ ಹೊಡೆದರೆ ಹಲಗೆ ಪುಟಿಯಬಾರದು. ಎರಡು, ಮರವನ್ನು ಬೆಂಚಿಗೆ ಅದುಮಿ ಹಿಡಿಯಲು ಬಳಸುತ್ತಿದ್ದ ಕಬ್ಬಿಣದ ಕೊಕ್ಕೆ. ಅದರ ಕಾಲನ್ನು ಬೆಂಚಿನ ತೂತಿಗಿಳಿಸಿ ತಲೆಯ ಮೇಲೊಂದು ಪೆಟ್ಟು ಕೊಟ್ಟರೆ, ಕಾಲು ತೂತಿನಲ್ಲಿ ಓರೆಯಾಗಿ ಕಚ್ಚಿಕೊಂಡು ಕೊಕ್ಕೆಯ ತುದಿ ಮರವನ್ನು ಹಿಡಿದುಬಿಡುತ್ತದೆ. ಹಲಗೆ ತೆಳ್ಳಗಿದ್ದರೆ ಕಚ್ಚಲು ಜಾಗವೆಲ್ಲಿ?

ಇಂಗ್ಲಿಷರು ಮರದಲ್ಲಿ ಅಷ್ಟು ಧಾರಾಳಿಗಳಾಗಲಿಲ್ಲ. 1812ರಲ್ಲಿ ಪೀಟರ್ ನಿಕಲ್ಸನ್ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದ ಬೆಂಚಿಗೆ ಮೇಲ್ಹಲಗೆ ತೆಳು. ಅದರ ಬದಲು ಮುಂದೆ ಅಗಲವಾದ ಹಲಗೆಯೊಂದು ಸೀರೆಯ ಅಂಚಿನಂತೆ ಉದ್ದಕ್ಕೂ ಇಳಿಬಿದ್ದಿರುತ್ತದೆ. ಮಲಗಿಸಿದ ಹಲಗೆ ಬಾಗುವಷ್ಟು ಸುಲಭವಾಗಿ ನಿಲ್ಲಿಸಿದ ಹಲಗೆ ಬಾಗುವುದಿಲ್ಲವೆಂಬುದು ಯಾವ ಬಡಗಿಗೂ ಗೊತ್ತು. ನಿಕಲ್ಸನ್ ಬೆಂಚು ಆ ತಿಳಿವಳಿಕೆಯನ್ನೇ ಮೈಯಾಗಿಸಿಕೊಂಡದ್ದು. ಕಡಿಮೆ ಮರ, ಬೇಕಾದಷ್ಟು ಬಿಗಿ.

ಕಮ್ಮಾರನಿಗೆ ಈ ಯಾವ ಬೆಂಚೂ ಸಾಲದು. ಕಾದ ಕಬ್ಬಿಣವನ್ನು ಹಿಡಿದು ಸುತ್ತಿಗೆಯಿಂದ ಬಾರಿಸುವವನಿಗೆ ಬೇಕಾದ್ದು ಹೊಡೆತ ತಾಳುವ ಹಿಡಿತ. ಅವನು ಕಂಡುಕೊಂಡ ವೈಸ್‌ಗೆ ನೆಲದವರೆಗೆ ಇಳಿಯುವ ಕಬ್ಬಿಣದ ಒಂಟಿ ಕಾಲಿರುತ್ತದೆ. ಬೆಂಚಿಗೆ ಅದು ಒರಗಿಕೊಂಡಿರುವುದಷ್ಟೇ; ಹೊಡೆತವೆಲ್ಲ ಆ ಕಾಲಿನಗುಂಟ ನೆಲಕ್ಕಿಳಿದುಹೋಗುತ್ತದೆ. ಕೇಪಿನ ಕೋವಿಯವನು ಕೋವಿಯನ್ನು ನೆಲಕ್ಕೂರಿದಂತೆಯೇ.

ಇಷ್ಟೂ ಕಡೆ ಬಲದ ದಾರಿ ಎರಡೇ: ಹಲಗೆಗುಂಟ ಉದ್ದಕ್ಕೆ ನೂಕುವುದು, ಇಲ್ಲವೇ ಮೇಲಿನಿಂದ ಕೆಳಕ್ಕೆ ಹೊಡೆಯುವುದು. ಮೇಲ್ಹಲಗೆಯನ್ನು ಅಂಚಿನಲ್ಲಿ ಹಿಡಿದು ಮೀಟಿ ಎಬ್ಬಿಸುವ ಕೆಲಸವನ್ನು ಯಾವ ಬಡಗಿಯೂ ತನ್ನ ಬೆಂಚಿಗೆ ಒಪ್ಪಿಸಿರಲಿಲ್ಲ.

ಆ ಕೆಲಸ ತಂದವರಲ್ಲಿ ಮೊದಲ ಸಾಲಿನ ಹೆಸರು ಫ್ರೆಡ್ ಹಂಟಿಂಗ್ಟನ್. ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಸಣ್ಣ ಊರು, 1943ನೇ ಇಸವಿ. ಯುದ್ಧಕಾಲ, ಊರವರಿಗೆ ಗುಂಡು ಸಿಗುತ್ತಿರಲಿಲ್ಲ. ಹಂಟಿಂಗ್ಟನ್‌ಗೆ ಬಂಡೆಗಳ ಸಂದಿಯಲ್ಲಿ ಬಿಲ ಮಾಡುವ ರಾಕ್ ಚಕ್ ಎಂಬ ದಪ್ಪ ಅಳಿಲಿನ ಜಾತಿಯ ಪ್ರಾಣಿಯ ಬೇಟೆಯ ಹುಚ್ಚು. ತಂದೆಯ ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಅವನು ಹೊಸದೊಂದು ಅಚ್ಚು ಮಾಡಿಕೊಂಡ. ಹಾರಿಸಿ ಬಿಸುಟ ಪುಟ್ಟ ತೋಟಾಗಳ ಕೊಳವೆಗಳು, ಅಂಚು ಜಜ್ಜಿಹೋಗಿ ಮತ್ತೆ ತುಂಬಲು ಬಾರದವು ಎಂದೆನಲ್ಲ, ಅವೇ ಅವನಿಗೆ ಕಚ್ಚಾ ಮಾಲು. ಅವುಗಳೊಳಗೆ ಸೀಸ ಕೂರಿಸಿ, ಅಚ್ಚಿನಲ್ಲಿಟ್ಟು ಒತ್ತಿ, ಲೋಹದ ಹೊದಿಕೆಯ ಗುಂಡು ತೆಗೆದ. ರಾಕ್ ಚಕ್ ಬುಲೆಟ್ ಸ್ವೇಜ್ ಎಂದು ಆ ಅಚ್ಚಿಗೆ ಹೆಸರಾಯಿತು. ಅದರ ಮೊದಲಕ್ಷರಗಳೇ ಆರ್‌ಸಿಬಿಎಸ್ ಎಂಬ ಕಂಪನಿಯಾದವು. ಹಸಿರು ಬಣ್ಣದ ಅದರ ಪ್ರೆಸ್ಸುಗಳು ಮುಂದೆ ಲಕ್ಷಾಂತರ ಗ್ಯಾರೇಜುಗಳ ಗುರುತಾದವು.

ಲೋಹವನ್ನು ತಣ್ಣಗಿದ್ದಾಗಲೇ ಒತ್ತಿ ಆಕಾರ ಬದಲಿಸುವುದೆಂದರೆ ಅಂಗೈಯ ಬಲದಲ್ಲಿ ಆಗುವ ಮಾತಲ್ಲ. ಅಡಕತ್ತರಿ ಇಲ್ಲಿ ಸೋತಿತು. ಎರಕದ ಕಬ್ಬಿಣದ ಚೌಕಟ್ಟು, ಅದರೊಳಗೆ ಮೇಲೆ ಕೆಳಗೆ ಓಡುವ ಉಕ್ಕಿನ ದಂಡ, ದಂಡ ಓಡಿಸಲು ಉದ್ದನೆಯ ಹಿಡಿ, ಪ್ರೆಸ್ಸೆಂದರೆ ಇಷ್ಟೇ. ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ಕಂಪನಿಯಂಥವರು ಯುದ್ಧಕ್ಕೂ ಮೊದಲೇ ಇಂಥ ಪ್ರೆಸ್ಸು ಮಾರುತ್ತಿದ್ದರು. ಮೇಲಿನಿಂದ ತಿರುಪಿ ಕೂರಿಸುವ ಅಚ್ಚಿನ ಅಳತೆಯನ್ನು ಎಲ್ಲರೂ ಬರಬರುತ್ತ ಒಂದೇ ಮಾಡಿಕೊಂಡರು: ಮುಕ್ಕಾಲಿಗೂ ಮೇಲೆ, ಇಂಚಿನ ಎಂಟರಲ್ಲಿ ಏಳು ಪಾಲು ಅಗಲ, ಇಂಚಿಗೆ 14 ತಿರುಪಿನ ಸುತ್ತು. ಒಬ್ಬನ ಅಚ್ಚು ಇನ್ನೊಬ್ಬನ ಪ್ರೆಸ್ಸಿಗೆ ಹೊಂದುವಂತಾದ ಮೇಲೆ ಈ ಹವ್ಯಾಸ ಕಾಡ್ಗಿಚ್ಚಿನಂತೆ ಹಬ್ಬಿತು.

ಯುದ್ಧ ಮುಗಿದದ್ದೂ ಇದಕ್ಕೆ ಒದಗಿಬಂತು. ಸೈನ್ಯಕ್ಕೆಂದು ತಯಾರಿಸಿ ಮಿಕ್ಕ ಮದ್ದು ಸರ್ಕಾರದ ಬಳಿ ರಾಶಿ ಬಿದ್ದಿತ್ತು. ಕನ್ಸಾಸ್‌ನ ಬ್ರೂಸ್ ಹಾಡ್ಜ್‌ಡನ್ ಜೀವವಿಮೆಯ ಮೇಲೆ ಸಾಲವೆತ್ತಿ ಅದನ್ನು ಸಗಟಾಗಿ ಕೊಂಡು, ಹುಲ್ಲುಗಾವಲೊಂದರಲ್ಲಿ ಹಳೆಯ ರೈಲು ಡಬ್ಬಿ ನಿಲ್ಲಿಸಿ ಅದರೊಳಗೆ ದಾಸ್ತಾನಿಟ್ಟು, ಅಂಚೆಯ ಮೂಲಕ ಮಾರಿದ. ನೆಬ್ರಾಸ್ಕದಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ಗುಂಡಿನ ಕಾರ್ಖಾನೆ ಶುರುಮಾಡಿದ. ಮದ್ದು ಅಗ್ಗ, ಗುಂಡು ಅಗ್ಗ, ಕೊಳವೆ ಪುಕ್ಕಟೆ. ಉಳಿದದ್ದು ಪ್ರೆಸ್ಸಿಗೊಂದು ಮೇಜು.

ಇಲ್ಲೇ ತೊಡಕು. ಪ್ರೆಸ್ಸಿನ ಹಿಡಿ ಎಳೆದಾಗ ಏನಾಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಾರಿಸಿದ ಕೊಳವೆ ಉಬ್ಬಿರುತ್ತದೆ. ಅದನ್ನು ದಂಡದ ತಲೆಯ ಮೇಲಿಟ್ಟು ಹಿಡಿ ಕೆಳಗೆಳೆದರೆ ದಂಡ ಮೇಲೇರಿ ಕೊಳವೆಯನ್ನು ಅಚ್ಚಿನೊಳಗೆ ನೂಕುತ್ತದೆ. ಅಚ್ಚು ಅದನ್ನು ಹಿಸುಕಿ ಮೊದಲಿನ ಅಳತೆಗೆ ತರುತ್ತದೆ. ದಂಡಕ್ಕೂ ಹಿಡಿಗೂ ನಡುವಿನ ಕೀಲುಗಳು ಮಡಿಸಿದ ಮೊಣಕಾಲು ನೆಟ್ಟಗಾಗುವ ಹಾಗೆ ನೆಟ್ಟಗಾಗುತ್ತವೆ, ಕೊನೆಯ ಅರ್ಧ ಇಂಚಿನಲ್ಲಿ ಬಲ ಹತ್ತಾರು ಪಟ್ಟು ಹೆಚ್ಚುತ್ತದೆ. ಆ ಭಾರೀ ಬಲದಿಂದಲೇ ಮೇಜು ಮುರಿಯುತ್ತದೆಂದು ಹೊಸಬರು ತಿಳಿಯುತ್ತಾರೆ. ಇಲ್ಲ. ದಂಡ ಅಚ್ಚನ್ನು ಮೇಲಕ್ಕೊತ್ತುತ್ತದೆ, ಅಚ್ಚು ಕೂತಿರುವುದು ಅದೇ ಚೌಕಟ್ಟಿನ ನೆತ್ತಿಯಲ್ಲಿ, ಚೌಕಟ್ಟು ಅದನ್ನು ಹಿಡಿದಿಡುತ್ತದೆ. ಆ ಬಲ ಚೌಕಟ್ಟಿನೊಳಗೇ ಸುತ್ತುತ್ತದೆ, ಅಡಕತ್ತರಿಯಲ್ಲಿ ಸುತ್ತಿದಂತೆಯೇ. ಮುಂಭಾಗ ತೆರೆದ ಚೌಕಟ್ಟಾದರೆ ಬಾಯಿ ಒಂದಿಷ್ಟು ಅಗಲಿಸಿಕೊಳ್ಳುತ್ತದೆ, ಮುಚ್ಚಿದ ಉಂಗುರದಂಥದ್ದಾದರೆ ಅದೂ ಇಲ್ಲ. ಮೇಜಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಮೇಜಿಗೆ ಮುಟ್ಟುವುದು ಮನುಷ್ಯನ ಕೈ. ಹಿಡಿಯ ತುದಿ ಮೇಜಿನ ಅಂಚಿನಿಂದ 40 ಸೆಂಟಿಮೀಟರ್ ಈಚೆಗಿದೆ, ಕೈ 20 ಕಿಲೋದಷ್ಟು ಬಲದಿಂದ ಅದನ್ನು ಕೆಳಗೆಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ಪ್ರೆಸ್ಸು ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ. ಮೇಜಿನ ಅಂಚು ಸನ್ನೆಕೋಲಿನ ಆಸರೆಯಾಗುತ್ತದೆ. ಹಿಂದಿನ ಬೋಲ್ಟು ಅಂಚಿನಿಂದ 8 ಸೆಂಟಿಮೀಟರ್ ಒಳಗಿದ್ದರೆ, ಅದನ್ನು ಮೇಲಕ್ಕೆ ಕೀಳುವ ಬಲ ಐದು ಪಟ್ಟು, ಅಂದರೆ ಒಂದು ಕ್ವಿಂಟಾಲ್. ಹಿಡಿ ಮೇಲೆತ್ತಿ ಕೊಳವೆಯನ್ನು ಅಚ್ಚಿನಿಂದ ಹೊರಗೆಳೆಯುವಾಗ ಎಲ್ಲ ತಿರುಗುಮುರುಗು. ಈಗ ಪ್ರೆಸ್ಸು ಹಿಂದಕ್ಕೆ ಮಲಗಲು ನೋಡುತ್ತದೆ, ಮುಂದಿನ ಬೋಲ್ಟಿಗೆ ಸರದಿ. ಜಿಡ್ಡು ಸಾಲದ ಕೊಳವೆ ಅಚ್ಚಿನಲ್ಲಿ ಕಚ್ಚಿಕೊಂಡರಂತೂ ಯಜಮಾನ ಎರಡೂ ಕೈ ಹಾಕಿ ಎತ್ತುತ್ತಾನೆ, ಮೇಜಿನ ಮುಂದಿನ ಕಾಲು ಎದ್ದು ನೆಲದ ಮೇಲೆ ಟಕ್ಕೆಂದು ಕುಟ್ಟುತ್ತದೆ. ನೂರು ತೋಟಾ ತುಂಬಲು ಹಿಡಿ ಎಷ್ಟು ಸಲ ಮೇಲೆ ಕೆಳಗೆ ಆಡಬೇಕು? ಒಂದೊಂದು ಅಚ್ಚಿಗೂ ಒಂದೊಂದು ಸಲ, ಕಡಿಮೆಯೆಂದರೂ ಇನ್ನೂರು ಮುನ್ನೂರು. ಮರದಲ್ಲಿ ಹೂತ ಮೊಳೆಯನ್ನು ಅತ್ತಿತ್ತ ಅಲುಗಿಸಿ ಕೀಳುವಂತೆ ಬೋಲ್ಟುಗಳನ್ನು ದಿನವೂ ಅಲುಗಿಸಿದಂತಾಯಿತು. ವಾಷರಿನ ಕೆಳಗೆ ಮರ ಬಟ್ಟಲಾಗುವುದು ಹೀಗೆ.

ರೂಬೋನ ಬೆಂಚಾಗಿದ್ದರೆ ಇದನ್ನು ಕ್ಯಾರೇ ಅನ್ನುತ್ತಿರಲಿಲ್ಲ. ಐದಾರು ಇಂಚು ದಪ್ಪದ ಮರ, ಅಂಚಿನ ಕೆಳಗೇ ಕಾಲು. ಆದರೆ 1950ರ ಅಮೆರಿಕದ ಗ್ಯಾರೇಜಿನಲ್ಲಿದ್ದದ್ದು ಬೇರೆ. ಯುದ್ಧದಿಂದ ಮರಳಿದವರು ಹೊಸ ಬಡಾವಣೆಗಳಲ್ಲಿ ಮನೆ ಕೊಂಡು, ರಜೆಯ ದಿನ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಗೀಳಿಗೆ ಬಿದ್ದಿದ್ದರು. ಟೈಮ್ ಪತ್ರಿಕೆ 1954ರ ಆಗಸ್ಟಿನಲ್ಲಿ ಇದನ್ನೇ ಮುಖಪುಟದ ಸುದ್ದಿ ಮಾಡಿತು. ಅವರ ಬೆಂಚಿಗೆ ಕಾಲು, ಮನೆ ಕಟ್ಟಿ ಉಳಿದ ಟೂ ಬೈ ಫೋರ್ ರೀಪು. ಹೆಸರಿಗೆ ಎರಡು ನಾಲ್ಕು, ಇವತ್ತು ಅಳೆದರೆ ಒಂದೂವರೆ ಮೂರೂವರೆ ಇಂಚು. ಮೇಲ್ಹಲಗೆಗೆ ಪ್ಲೈವುಡ್. ಓರೆಗಾನಿನ ಪೋರ್ಟ್‌ಲ್ಯಾಂಡಿನಲ್ಲಿ 1905ರ ವಸ್ತುಪ್ರದರ್ಶನದಲ್ಲಿ ಕುತೂಹಲದ ಸರಕಾಗಿ ಇಟ್ಟಿದ್ದ ಈ ಪದರಹಲಗೆ, 1934ರಲ್ಲಿ ನೀರಿಗೆ ಬಿಡದ ಅಂಟು ಸಿಕ್ಕ ಮೇಲೆ ಮನೆಮಾತಾಗಿತ್ತು. ಅದರ ಮೇಲೆ ನುಣುಪಿಗೆ ಹಾರ್ಡ್‌ಬೋರ್ಡಿನ ಹೊದಿಕೆ. ಇದು ಮಿಸಿಸಿಪ್ಪಿಯ ಲಾರೆಲ್‌ನಲ್ಲಿ ವಿಲಿಯಂ ಮೇಸನ್ 1924ರಲ್ಲಿ ಕಂಡುಹಿಡಿದದ್ದು. ಹಬೆಯ ಪ್ರೆಸ್ಸನ್ನು ಬಿಟ್ಟು ಊಟಕ್ಕೆ ಹೋದವನು ಬಂದು ನೋಡುವಾಗ ಕವಾಟ ಸೋರಿ, ಮರದ ನಾರು ಗಟ್ಟಿ ಹಲಗೆಯಾಗಿ ಕೂತಿತ್ತೆಂದು ಕಥೆ ಹೇಳುತ್ತಾರೆ. ಇನ್ನು ಕೆಲವರು ಹಳೆಯ ಬಾಗಿಲನ್ನೇ ಮಲಗಿಸಿ ಮೇಜು ಮಾಡಿಕೊಂಡರು. ಒಳಗೆ ಗಟ್ಟಿಯಾಗಿರುವ ಬಾಗಿಲಾದರೆ ಸರಿ. ಅಗ್ಗದ ಟೊಳ್ಳು ಬಾಗಿಲಾದರೆ ಎರಡು ತೆಳು ಹಾಳೆಗಳ ನಡುವೆ ಜೇನುಗೂಡಿನಂಥ ರಟ್ಟು ಬಿಟ್ಟರೆ ಏನೂ ಇರುವುದಿಲ್ಲ. ಬೋಲ್ಟು ಬಿಗಿದಷ್ಟೂ ಹಪ್ಪಳದಂತೆ ಒಳಕ್ಕೆ ಮುರಿಯುತ್ತ ಹೋಗುತ್ತದೆ.

ಸಾಲದ್ದಕ್ಕೆ, ವೈಸೋ ಹಿಡಿಕೊಕ್ಕೆಯೋ ಸಿಕ್ಕಿಸಲು ಅನುಕೂಲವೆಂದು ಈ ಮೇಜುಗಳ ಹಲಗೆಯನ್ನು ಕಾಲಿನಿಂದ ಮೂರು ನಾಲ್ಕು ಇಂಚು ಮುಂದಕ್ಕೆ ಚಾಚಿರುತ್ತಿದ್ದರು. ಪ್ರೆಸ್ಸು ಕೂರುತ್ತಿದ್ದದ್ದು ಆ ತುಟಿಯ ಮೇಲೆ, ಕೆಳಗೆ ಯಾವ ಆಸರೆಯೂ ಇಲ್ಲದ ಜಾಗದಲ್ಲಿ.

ಸಲಕರಣೆ ತಯಾರಕರಿಗೇ ಇದು ತಲೆನೋವಾಯಿತೆಂದು ಕಾಣುತ್ತದೆ. ಅವರ ರಾಷ್ಟ್ರೀಯ ಸಂಘ ಮೇಜಿನ ನಕ್ಷೆಯೊಂದನ್ನೇ ಅಚ್ಚು ಮಾಡಿಸಿ ಹಂಚಿತು. ರೀಪು, ಪ್ಲೈವುಡ್, ಬೋಲ್ಟಿನ ಲೆಕ್ಕದ ಸಮೇತ. ಆದರೆ ನಕ್ಷೆ ನೋಡಿ ಹೊಸ ಮೇಜು ಕಟ್ಟಿದವರಿಗಿಂತ ಇದ್ದ ಮೇಜಿಗೆ ತೇಪೆ ಹಾಕಿದವರೇ ಹೆಚ್ಚು. ಆ ತೇಪೆಗಳನ್ನು ನೋಡುತ್ತ ಹೋದರೆ ಹಳೆಯ ಬಡಗಿಗಳ ಮುಖ ಒಂದೊಂದಾಗಿ ಕಾಣಿಸತೊಡಗುತ್ತದೆ, ಹಾಕಿದವರಿಗೆ ಆ ಹೆಸರುಗಳು ಗೊತ್ತಿತ್ತೋ ಇಲ್ಲವೋ. ಮುಂದಿನ ಅಂಚಿಗೆ ಆರಿಂಚಿನ ಹಲಗೆಯನ್ನು ನಿಲ್ಲಿಸಿ ಜಡಿದವನು ನಿಕಲ್ಸನ್ನನ ಸೀರೆಯಂಚನ್ನು ಮತ್ತೆ ಕಟ್ಟಿದ್ದ. ಮುಕ್ಕಾಲು ಇಂಚಿನ ಪ್ಲೈವುಡ್ಡಿಗೆ ಇನ್ನೆರಡು ಪದರ ಅಂಟಿಸಿ, ತಿರುಪು ಹಾಕಿ ದಪ್ಪ ಮಾಡಿದವನು, ಪ್ರೆಸ್ಸನ್ನು ಸರಿಸಿ ಕಾಲಿನ ನೆತ್ತಿಗೇ ತಂದವನು, ಇಬ್ಬರೂ ರೂಬೋನ ಕಡೆಯವರು. ಪ್ರೆಸ್ಸಿನ ಕೆಳಗಿಂದ ನೆಲಕ್ಕೆ ನಾಲ್ಕಿಂಚಿನ ಕಂಬ ಕೊಟ್ಟವನು ಕಮ್ಮಾರನ ವೈಸ್ ನೋಡಿದವನಿರಬೇಕು.

ಕಂಬದ ಉಪಾಯದಲ್ಲಿ ಅರ್ಧ ಮೋಸವಿದೆಯೆನ್ನಬೇಕು. ಹಿಡಿ ಕೆಳಗೆಳೆಯುವಾಗ ಕಂಬ ಒಳ್ಳೆಯ ಆಸರೆ. ಮೇಲೆತ್ತುವಾಗ ಅದು ಸುಮ್ಮನೆ ನಿಂತಿರುತ್ತದೆ. ಮೇಲೇಳುವ ಬಲಕ್ಕೆ ಬೇಕಾದ್ದು ಕೆಳಕ್ಕೆ ಹಿಡಿದೆಳೆಯುವಂಥದು. ಅದಕ್ಕೆ ಕೆಲವರು ಮೇಜಿನ ಬೆನ್ನನ್ನು ಗೋಡೆಯೊಳಗಿನ ಕಂಬಗಳಿಗೇ ಉದ್ದನೆಯ ತಿರುಪು ಹಾಕಿ ಕಟ್ಟಿದರು. ಅಮೆರಿಕದ ಮರದ ಮನೆಗಳಲ್ಲಿ ಗೋಡೆಯ ಹಿಂದೆ 16 ಇಂಚಿಗೊಂದರಂತೆ ಕಂಬವಿರುತ್ತದೆ. ಬಾಡಿಗೆ ಮನೆಯವರಿಗೆ ಮಾತ್ರ ಆ ಭಾಗ್ಯವಿಲ್ಲ. ಅವರು ಮೇಜಿನ ಕೆಳಹಲಗೆಗೆ ಭಾರ ಹೇರಿದರು. ಭಾರಕ್ಕೆ ಹೊರಗೆ ಹುಡುಕಬೇಕಾಗಿರಲಿಲ್ಲ. ಗುಂಡು ಎರಕ ಹೊಯ್ಯಲು ಕೂಡಿಟ್ಟ ಸೀಸದ ಗಟ್ಟಿಗಳೇ ಅಲ್ಲಿದ್ದವು.

ಎಲ್ಲಕ್ಕಿಂತ ಕಡಿಮೆ ಖರ್ಚಿನ, ಹೆಚ್ಚು ಫಲ ಕೊಟ್ಟ ತೇಪೆ ಕಾಲಿಂಚು ದಪ್ಪದ ಕಬ್ಬಿಣದ ಪಟ್ಟಿ. ಹಲಗೆಯ ಕೆಳಗೆ ಒಂದು, ಕೆಲವೊಮ್ಮೆ ಮೇಲೂ ಒಂದು. ರೂಪಾಯಿಯಗಲದ ವಾಷರು ಒತ್ತುತ್ತಿದ್ದ ಬಲವನ್ನು ತಟ್ಟೆಯಗಲಕ್ಕೆ ಹರಡುವುದಷ್ಟೇ ಅದರ ಕೆಲಸ. ಮರವನ್ನು ಬಾಗಿಸಿ ಮುರಿಯುವುದು ಕಷ್ಟ, ಚುಚ್ಚಿ ಜಜ್ಜುವುದು ಸುಲಭ. ಪಟ್ಟಿ ಆ ಜಜ್ಜುವಿಕೆಯನ್ನು ತಪ್ಪಿಸುತ್ತದೆ. ಬರುಬರುತ್ತ ಕಂಪನಿಗಳೇ ಪ್ರೆಸ್ಸನ್ನು ಎತ್ತರಿಸಿ ಕೂರಿಸುವ ಅಗಲ ಪಾದದ ಕಬ್ಬಿಣದ ಪೀಠಗಳನ್ನು ಮಾರತೊಡಗಿದವು.

ಮೇಜಿನ ಗೊಡವೆಯೇ ಬೇಡವೆಂದವರೂ ಇದ್ದರು. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ತನ್ನ ಮನೆಯ ಕಾರ್ಯಾಗಾರದಲ್ಲಿ ರೂಪಿಸಿದ ಪುಟ್ಟ ಪೆಟ್ಟಿಗೆಯಲ್ಲಿ ಪ್ರೆಸ್ಸಿರಲಿಲ್ಲ. ಅಚ್ಚಿನೊಳಗೆ ಕೊಳವೆಯಿಟ್ಟು ಮರದ ಇಲ್ಲವೇ ಪ್ಲಾಸ್ಟಿಕ್ ಕೊಡತಿಯಿಂದ ತಟ್ಟಿದರೆ ಸೈ. ಅಡುಗೆಮನೆಯ ಮೇಜಾದರೂ ಆದೀತು, ಕಲ್ಲಿನ ಕಟ್ಟೆಯಾದರೂ ಆದೀತು, ಬಲವೆಲ್ಲ ನೇರ ಕೆಳಕ್ಕೆ. ನಿಧಾನ, ಸದ್ದು ಬೇರೆ. ಆದರೂ ಬೋಲ್ಟಿನ ಹಂಗಿಲ್ಲದ ಆ ಪೆಟ್ಟಿಗೆಯಿಂದಲೇ ಸಾವಿರಾರು ಮಂದಿ ಈ ಹವ್ಯಾಸದ ಓನಾಮ ಕಲಿತರು.

ಮೇಜು ಅಲುಗುವುದು ಬರೀ ಮರದ ಆಯುಸ್ಸಿನ ಪ್ರಶ್ನೆಯಾಗಿದ್ದರೆ ಇಷ್ಟು ಮಂದಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೇಪು ತನ್ನ ಗುಳಿಯಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ಎಂಬುದು ಹಿಡಿ ಹಿಡಿದ ಅಂಗೈಗೆ ತಿಳಿಯಬೇಕು. ಮೇಜು ಬಾಗಿ ಪುಟಿಯುತ್ತಿದ್ದರೆ ಅಂಗೈಗೆ ತಿಳಿಯುವುದು ಮೇಜಿನ ಬಾಗು, ಕೇಪಿನದ್ದಲ್ಲ. ಅದೇ ಹಲಗೆಯ ಮೇಲೆ ಮದ್ದು ತೂಗುವ ತಕ್ಕಡಿಯೂ ಇರುತ್ತದೆ. ಅದು ಅಳೆಯುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಗ್ರಾಂಗೆ ಹದಿನೈದಕ್ಕೂ ಹೆಚ್ಚು ಗ್ರೇನ್. ಹಿಡಿಯ ಒಂದೊಂದು ಎಳೆತಕ್ಕೂ ತಕ್ಕಡಿಯ ಮುಳ್ಳು ತಲೆದೂಗಿದರೆ ತುಂಬುವವನು ಯಾವುದನ್ನು ನಂಬಬೇಕು? ಹಾಗಾಗಿ ಅನುಭವಿಗಳು ತಕ್ಕಡಿಯನ್ನು ಗೋಡೆಗೆ ಹೊಡೆದ ಬೇರೆಯೇ ಹಲಗೆಗೆ ಕಳಿಸಿದರು.

ಇತ್ತೀಚಿನ ದಶಕಗಳಲ್ಲಿ ಈ ಮೇಜುಗಳಿಗೆ ಬಂದ ಅತ್ಯಂತ ಗಟ್ಟಿ ಹಲಗೆ ಬೌಲಿಂಗ್ ಆಟದ ಅಂಗಳಗಳಿಂದ ಬಂದದ್ದು. ಅಮೆರಿಕದ ಹಳೆಯ ಬೌಲಿಂಗ್ ಮನೆಗಳ ಓಣಿಗಳನ್ನು ಮೇಪಲ್ ಮತ್ತು ಪೈನ್ ಮರದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಮೊಳೆ ಹೊಡೆದು ಕಟ್ಟುತ್ತಿದ್ದರು. ಹದಿನಾರು ಪೌಂಡಿನವರೆಗಿನ ಚೆಂಡುಗಳು ವರ್ಷಗಟ್ಟಲೆ ಬಿದ್ದುರುಳಿದರೂ ಅದು ಜಗ್ಗದು. ಮರದ ಓಣಿಗಳ ಜಾಗಕ್ಕೆ ಕೃತಕ ಹಾಳೆಗಳು ಬಂದಾಗ, ಬೌಲಿಂಗ್ ಮನೆಗಳೇ ಮುಚ್ಚಿದಾಗ, ಎರಡೂವರೆ ಇಂಚಿನ ಆಸುಪಾಸಿನ ಆ ದಪ್ಪ ಹಲಗೆಗಳನ್ನು ಎಂಟಡಿ ಹತ್ತಡಿ ಕತ್ತರಿಸಿ ಮಾರಿದರು. ಬಾಣದ ಗುರುತುಗಳೂ ಇರುವ ತುಂಡಿಗೆ ಗಿರಾಕಿ ಹೆಚ್ಚು. ನಾಲ್ಕು ಜನ ಸೇರಿ ಹೊತ್ತುತಂದು ಗ್ಯಾರೇಜಿನಲ್ಲಿ ಇಳಿಸಿ, ಪ್ರೆಸ್ಸನ್ನು ಅದರ ಅಂಚಿಗಿಟ್ಟು, ಮೂರು ತೂತಿನ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ಮೊದಲನೆಯ ತೂತು ಸಲೀಸು, ಮೇಪಲ್ಲಿನ ಬಿಳಿಯ ಹುಡಿ ಸುರುಳಿಯಾಗಿ ಮೇಲೆ ಬರುತ್ತದೆ. ಎರಡನೆಯದರಲ್ಲಿ ಇಂಚಿನಷ್ಟು ಇಳಿದ ಡ್ರಿಲ್ಲಿನ ಮೊನೆ ಕಿರ್ರೆಂದು ಚೀರಿ ನಿಂತುಬಿಡುತ್ತದೆ. ಪಟ್ಟಿಗಳನ್ನು ಕೂಡಿಸಿದ್ದ ಮೊಳೆ ಅಡ್ಡ ಸಿಕ್ಕಿದೆ. ಪ್ರೆಸ್ಸನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿ, ಹೊಸ ಮೊನೆ ಹಾಕಿ, ಮತ್ತೆ ಗುರುತಿನಿಂದ ಶುರು.